ಎಡಗುಂಡಿ

“ಥೂ! ಕೈ ಎಲ್ಲಿಡಬೇಕು ಅಂತ ಗೊತ್ತಿಲ್ಲದ ಮುಂಡೇದು ಬೀಗ ಮಾಡಕ್ಕೆ ಯಾಕ್ ಬಂತು? ನೀನೇನು ನೋಡ್ತಾ ನಿಂತಿದೀಯ, ಒರೆಸು!”

ಮ್ಯಾನೇಜರು ಬೈಯುತ್ತಿದ್ದುದು ಅಲ್ಲಿಲ್ಲದವಳನ್ನು. ಎರಡು ಬೆರಳು ಕಳೆದುಕೊಂಡ ಅವಳನ್ನು ಆಗಷ್ಟೇ ಆಸ್ಪತ್ರೆಗೆ ಸಾಗಿಸಿದ್ದರು. ರಕ್ತ ಒರೆಸುತ್ತಿದ್ದವಳು ಅವಳ ಅತ್ತಿಗೆ. ಜೊತೆಗೆ ಹೋಗಲು ಬಿಟ್ಟಿರಲಿಲ್ಲ. ನಾದಿನಿ ಕರೆಯುವುದನ್ನು ಕೇಳಿ ಕೇಳಿ ಇಡೀ ಶೆಡ್ಡೇ ಅವಳನ್ನು ಅತ್ತಿಗೆ ಎನ್ನುತ್ತಿತ್ತು.

ತಗಡು ಒತ್ತಿ ಬೀಗದ ಚಿಪ್ಪು ಮಾಡುವ ಯಂತ್ರಕ್ಕೆ ಎರಡು ಗುಂಡಿ. ಎರಡನ್ನೂ ಎರಡು ಕೈಯಲ್ಲಿ ಒತ್ತಿದರೆ ಮಾತ್ರ ಮೇಲಿನ ಅಚ್ಚು ಬೀಳಬೇಕು. ಆಗ ಕೈ ಅದರಡಿ ಇರುವ ಮಾತೇ ಇಲ್ಲ. ಆದರೆ ಸರ್ಕಾರ ಸುಂಕ ತೆಗೆದ ಮೇಲೆ ಹಡಗುಗಟ್ಟಲೆ ಹೊರಗಿನ ಬೀಗ ಬಂದು ಬಿತ್ತು, ಇಲ್ಲಿನ ತಗಡಿನ ಬೆಲೆಗೆ ಅಲ್ಲಿನ ಬೀಗ. “ಅವರ ವೇಗಕ್ಕೆ ಓಡಿ, ಇಲ್ಲಾ ಮನೆಗೆ ಓಡಿ” ಎಂದ ಮ್ಯಾನೇಜರು ತಾನೇ ನಿಂತು ಎಲ್ಲ ಯಂತ್ರಗಳ ಎಡಗುಂಡಿಯನ್ನೂ ಒತ್ತಿಸಿ ರಬ್ಬರ್ ಪಟ್ಟಿ ಕಟ್ಟಿಸಿದ್ದ. ಒಂದು ಕೈ ಬಲಗುಂಡಿಗೆ, ಇನ್ನೊಂದು ತಗಡು ತಳ್ಳಲಿಕ್ಕೆ.

“ಮಧ್ಯಾಹ್ನ ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಬರ್ತಾರೆ. ಎಲ್ಲಾ ಪಟ್ಟಿ ಬಿಚ್ಚಿ. ಕೇಳಿದ್ರೆ ಅವಳೇ ಕಟ್ಕೊಂಡಿದ್ಲು ಅನ್ನಿ. ಗೊತ್ತಾಯ್ತೇನಮ್ಮಾ ಅತ್ತಿಗೇ?”

ಅವಳು ಬಕೆಟ್ಟಿನ ನೀರನ್ನೇ ನೋಡುತ್ತಿದ್ದಳು.

ಊಟದ ಹೊತ್ತಿಗೆ, ಅರ ಹಿಡಿದು ಬೀಗದ ಅಂಚು ಉಜ್ಜುವ ತಾತ ಪಕ್ಕಕ್ಕೆ ಬಂದು ಕುಳಿತ.

“ಹೂಂ ಅಂದ್ಬಿಡು ಮಗಾ. ಬಾಗಿಲು ಮುಚ್ಚಿದ್ರೆ ಧಣಿ ಹೊರಗಿನ ಬೀಗವನ್ನೇ ಡಬ್ಬಿಗೆ ತುಂಬಿ ಮಾರ್ತಾನೆ. ಹೊಟ್ಟೆ ಮೇಲೆ ತಣ್ಣೀರು ಬಟ್ಟೆ ನಮಗೆ.”

“ಬಟ್ಟೆ ಅವಳ ಕೈಗೆ ಬೇಕು ತಾತ.”

ತಾತ ತುತ್ತು ನುಂಗಿದ. “ಓಟು ಕೇಳೋಕೆ ಬಂದಾಗ ಏನಂದಿದ್ದ ಆ ಬೋಳಿಮಗ? ವ್ಯಾಪಾರಕ್ಕೆ ಗಡಿ ತೆಗೆದ್ರೆ ನಮ್ಮ ಬೀಗ ಲೋಕವೆಲ್ಲಾ ಹೋಗುತ್ತೆ ಅಂತ.”

“ಹೋಯ್ತಲ್ಲ, ಬೆರಳು.”

ತಾತ ಬುತ್ತಿ ಮುಚ್ಚಿ ಎದ್ದ.

ಇನ್‌ಸ್ಪೆಕ್ಟರು ಮೂಗಿಗೆ ಕರ್ಚೀಫು ಹಿಡಿದೇ ಬಂದ.

“ಎರಡೂ ಗುಂಡಿ ಒತ್ತದೆ ಬೀಳೋದೇ ಇಲ್ಲ ಸಾರ್,” ಮ್ಯಾನೇಜರು ಯಂತ್ರದ ಬೆನ್ನು ತಟ್ಟಿದ. “ಹಸುಗೂಸು ತಂದು ಮಲಗಿಸಿದ್ರೂ ಏನೂ ಆಗಲ್ಲ. ಆ ಸೋಮಾರಿ ತಾನೇ ಗುಂಡಿ ಕಟ್ಕೊಂಡು ಬೆರಳು ಕಳ್ಕೊಂಡ್ಲು. ಕೇಳಿ, ಇವಳು ಅವಳ ಅತ್ತಿಗೇನೇ.”

ಅತ್ತಿಗೆ ತನ್ನ ಏಪ್ರನ್ನು ಬಿಚ್ಚಿ, ಪಟ್ಟಿ ಇದೆಯೋ ಇಲ್ಲವೋ ಕಾಣದಂತೆ, ಎಡಗುಂಡಿಯ ಮೇಲೆ ಹಾಕಿದ್ದಳು. ಎಡಗೈ ಸೊಂಟದ ಮೇಲಿತ್ತು. ಬಲಗೈಯಿಂದ ಯಂತ್ರ ಚಾಲೂ ಮಾಡಿದಳು.

“ಹಂಗಾದ್ರೆ ಸಾಹೇಬ್ರಿಗೆ ತೋರಿಸಿಬಿಡಿ ಸಾರ್. ನೀವು ಅಚ್ಚಿನಡಿ ಕೈ ಇಡಿ. ನಾನು ಬಲಗುಂಡಿ ಒಂದೇ ಒತ್ತುತೀನಿ.”

“ಏನೇ ಇದು ತಮಾಷೆ? ಆ ಬಟ್ಟೆ ತೆಗಿಯೇ!”

“ಯಾಕೆ ಸಾರ್? ಅದರಡಿ ಏನಿರುತ್ತೆ?”

ಅಕ್ಕಪಕ್ಕದ ಯಂತ್ರಗಳು ಒಂದೊಂದಾಗಿ ನಿಂತವು. ತಾತ ಅರ ಕೆಳಗಿಟ್ಟ. ಇನ್‌ಸ್ಪೆಕ್ಟರು ಕರ್ಚೀಫನ್ನು ಮೂಗಿನಿಂದ ತೆಗೆದು ಮ್ಯಾನೇಜರನ ಕಡೆ ತಿರುಗಿದ. ಮ್ಯಾನೇಜರನ ಎರಡೂ ಕೈ ಪ್ಯಾಂಟಿನ ಜೇಬಿನೊಳಗೆ ಹೋಗಿದ್ದವು.

ಅವಳ ಹೆಬ್ಬೆರಳು ಬಲಗುಂಡಿಯ ಮೇಲೆ ಕೂತಿತ್ತು.

“ಇಡಿ ಸಾರ್.”