ಎಬ್ಬಿಸುವವನಿಲ್ಲದ ಮಂಗಳವಾರ

ಕರೆಂಟು ಹೋಗಿ ಬಂದಾಗಲೆಲ್ಲ ಪಂಪ್‌ಹೌಸಿನ ಕಂಪ್ಯೂಟರನ್ನು ಎಬ್ಬಿಸಲು ನಾನೇ ಬರಬೇಕು. ಹಾಗಾಗಿ ನಮ್ಮ ನೀರು ಸರಬರಾಜು ಕಚೇರಿಯಲ್ಲಿ ನನಗೆ ‘ಎಬ್ಬಿಸೋರು’ ಎಂದೇ ಹೆಸರು ಬಿದ್ದಿದೆ. ಹನ್ನೊಂದು ವರ್ಷ ಅದನ್ನು ಎಬ್ಬಿಸಿ ಎಬ್ಬಿಸಿ ನಾನೇ ಸುಸ್ತಾಗಿದ್ದೇನೆ.

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಅಕ್ಕನಿಗೆ ಹೊಟ್ಟೆಯ ಆಪರೇಷನ್. ಅದೇ ದಿನ ಹತ್ತಕ್ಕೆ ಲೈನ್ ರಿಪೇರಿಗೆಂದು ಪಂಪ್‌ಹೌಸಿನ ಕರೆಂಟು ತೆಗೆಯುವವರಿದ್ದರು. ಫೋನಿನಲ್ಲಿ ಹೇಳಿದಾಗ ಅಕ್ಕ ಸಿಟ್ಟಾಗಲಿಲ್ಲ.

“ನಿನ್ ಕೆಲಸ ನೋಡ್ಕೋ. ನಿಮ್ ಭಾವ ಇರ್ತಾರಲ್ಲ” ಅಂದಳು.

ಬೈದಿದ್ದರೆ ಸಹಿಸಬಹುದಿತ್ತು. ನಾನು ಬರುವವನಲ್ಲ ಎಂದು ಅವಳು ಮೊದಲೇ ತೀರ್ಮಾನಿಸಿಬಿಟ್ಟಿದ್ದಳು. ಈ ಸಲ ಬಂದೇ ಬರುತ್ತೇನೆಂದು ಮಾತು ಕೊಟ್ಟೆ.

ಶನಿವಾರ ಸ್ಟಾರ್ಟಪ್ ಫೋಲ್ಡರ್ ತೆರೆದು ಕೂತೆ. ಕಂಪ್ಯೂಟರ್ ಆನ್ ಆದಾಗ ಏನೇನು ಶುರುವಾಗಬೇಕೆಂದು ಹೇಳುವ ಸ್ಕ್ರಿಪ್ಟುಗಳು ಅಲ್ಲಿರುತ್ತವೆ. ಹೆಸರಿನ ಮುಂದಿರುವ ಸಂಖ್ಯೆಯ ಪ್ರಕಾರ ಒಂದಾದ ಮೇಲೊಂದು ಓಡುತ್ತವೆ. ಒಟ್ಟು ಇಪ್ಪತ್ತಾರಿದ್ದವು. ಗುಜರಿಗೆ ಹೋಗಿ ಆರು ವರ್ಷವಾದ ಪ್ರಿಂಟರನ್ನು ಒಂದು ಸ್ಕ್ರಿಪ್ಟು ಪ್ರತಿ ಸಲವೂ ಪಾಪ ಹುಡುಕುತ್ತಿತ್ತು. ಇನ್ನೊಂದರ ಹೆಸರು ‘ಹಳೆಯದು’, ಅದರ ಪಕ್ಕದ್ದು ‘ತೀರಾ ಹಳೆಯದು’. ಮೂರಕ್ಕೆ ಒಂದೇ ಸಂಖ್ಯೆ. ಎಲ್ಲವೂ ನನ್ನದೇ ಪ್ರತಾಪ, ಬೇರೆಯವರ ತಲೆಗೆ ಕಟ್ಟುವಂತಿರಲಿಲ್ಲ. ಬೇಡದ್ದನ್ನು ಕಿತ್ತುಹಾಕಿ, ಉಳಿದ ಒಂಬತ್ತಕ್ಕೆ ಹತ್ತು, ಇಪ್ಪತ್ತು, ಮೂವತ್ತು ಎಂದು ಜಾಗ ಬಿಟ್ಟು ಸಂಖ್ಯೆ ಕೊಟ್ಟೆ.

ತಲೆನೋವಿದ್ದದ್ದು ಪಂಪಿನದು. ಟ್ಯಾಂಕಿನ ನೀರಿನ ಮಟ್ಟ ಓದುವ ಪ್ರೋಗ್ರಾಂ ಮೊದಲು ಏಳಬೇಕು, ಪಂಪು ಆಮೇಲೆ. ಮಟ್ಟ ಗೊತ್ತಾಗುವ ಮೊದಲೇ ಪಂಪು ಶುರುವಾದರೆ, ಟ್ಯಾಂಕು ಖಾಲಿಯಿದೆ ಎಂದುಕೊಂಡು ನೀರೆತ್ತುತ್ತಲೇ ಇರುತ್ತದೆ, ಬೀದಿಯೆಲ್ಲ ನೀರಾಗುತ್ತದೆ. ಮಟ್ಟದ ಅಂಕಿ ಬರಲು ಒಮ್ಮೆ ಅರ್ಧ ನಿಮಿಷ ಸಾಕು, ಒಮ್ಮೆ ಐದು ನಿಮಿಷ ಬೇಕು. ಅದಕ್ಕೇ ನಾನು ಪರದೆ ನೋಡುತ್ತ ಕೂತು, ಅಂಕಿ ಕಂಡ ಮೇಲೆ ಪಂಪನ್ನು ಕೈಯಾರೆ ಶುರು ಮಾಡುತ್ತಿದ್ದೆ. ಎಂಜಿನಿಯರ್ ಸಾಹೇಬರು ಉಸಿರು ಬಿಗಿ ಹಿಡಿದು ಹಿಂದೆ ನಿಂತಿರುತ್ತಿದ್ದರು. “ನೀವಿದ್ರೆ ಧೈರ್ಯ ಕಣ್ರೀ” ಎನ್ನುತ್ತಿದ್ದರು. ಆ ಮಾತಿಗೆ ಉಬ್ಬಿಹೋಗುತ್ತಿದ್ದೆ, ಸುಳ್ಳೇಕೆ ಹೇಳಲಿ.

ಆ ಕಾಯುವ ಕೆಲಸವನ್ನು ಈಗ ಸ್ಕ್ರಿಪ್ಟಿಗೇ ವಹಿಸಿದೆ. ಐದು ಸೆಕೆಂಡಿಗೊಮ್ಮೆ ಅಂಕಿ ಬಂತೇ ನೋಡು, ಬಾರದಿದ್ದರೆ ಮತ್ತೆ ನೋಡು, ಬಂದ ಮೇಲೆ ಪಂಪು ಹಾಕು. ಸಾಹೇಬರ ಒಪ್ಪಿಗೆ ಕೇಳಿ ಮೂರು ಸಲ ಆಫ್ ಮಾಡಿ ಆನ್ ಮಾಡಿದೆ. ಮೂರು ಸಲವೂ ಕಂಪ್ಯೂಟರು ತಾನಾಗಿ ಎದ್ದು ಪಂಪು ಓಡಿಸಿತು. ಊಟದ ಹೊತ್ತಿಗೆ ಮನೆಯಲ್ಲಿದ್ದೆ.

ಮಂಗಳವಾರ ಆಸ್ಪತ್ರೆಯ ಬೆಂಚಿನಲ್ಲಿ ಭಾವನ ಪಕ್ಕ ಕೂತು ಫೋನನ್ನೇ ನೋಡುತ್ತಿದ್ದೆ. ಹತ್ತಾಯಿತು, ಹನ್ನೊಂದೂವರೆಯಾಯಿತು, ಯಾರೂ ಕರೆಯಲಿಲ್ಲ. ತಡೆಯಲಾರದೆ ನಾನೇ ಸಾಹೇಬರಿಗೆ ಫೋನ್ ಮಾಡಿದೆ.

“ಕರೆಂಟ್ ಬಂದು ಎಷ್ಟೊತ್ತಾಯ್ತು, ಪಂಪು ಓಡ್ತಾ ಇದೆ. ಏನಾದ್ರೂ ಬೇಕಿತ್ತಾ?” ಎಂದರು.

ಖುಷಿಯಾಗಬೇಕಿತ್ತು. ನನ್ನನ್ನು ಕೆಲಸದಿಂದ ತೆಗೆದ ಹಾಗೆ ಅನ್ನಿಸಿತು.

ಸಂಜೆ ಅಕ್ಕನಿಗೆ ಸರಿಯಾಗಿ ಎಚ್ಚರವಾಯಿತು. ನನ್ನನ್ನು ಕಂಡು ನಂಬಲಾಗದೆ ಕೈ ಚಾಚಿದಳು.

“ನೀನ್ ಹೇಗ್ ಬಂದ್ಯೋ? ಕರೆಂಟ್ ತೆಗೀಲಿಲ್ವಾ?”

“ತೆಗೆದ್ರು. ನಾನಿಲ್ದೇನೂ ಏಳೋ ಹಾಗೆ ಮಾಡಿಟ್ಟು ಬಂದೆ.”

“ತುಂಬಾ ಕಷ್ಟ ಆಯ್ತೇನೋ?”

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಅವಳ ಬಾಡಿದ ಮುಖ ನೋಡಿ ಹೇಳಲಾಗಲಿಲ್ಲ.

“ಇಲ್ಲ. ಮಧ್ಯಾಹ್ನದೊಳಗೆ ಮುಗೀತು.”

ಅಕ್ಕ ಕೈ ಬಿಡಲಿಲ್ಲ. ಹಿಡಿದುಕೊಂಡೇ ಹೇಳಿದಳು, “ಅಮ್ಮ ಕೊನೇ ದಿನ ನಿನ್ನ ಕೇಳ್ತಾನೇ ಇದ್ಲು. ಅವನಿಲ್ದೆ ಆ ಮೆಷಿನ್ ಏಳಲ್ಲಮ್ಮಾ ಅಂತ ನಾನೇ ಸಮಾಧಾನ ಮಾಡಿದ್ದೆ.”

ಅಮ್ಮ ಹೋಗಿ ನಾಲ್ಕು ವರ್ಷ. ಆಗ ಮಾಡಿದ್ದರೂ ಅದು ಅರ್ಧ ದಿನದ ಕೆಲಸವೇ.