ಗದ್ದಲ ತೆಗೆಯಲಾಗಿದೆ

ಶಿವಾಲ ಓಣಿಯ ತಾರಾದೇವಿ ಮತ್ತೆ ಮಠದ ಕಚೇರಿಗೆ ಬಂದು ಎದುರಿಗೆ ಕುಳಿತಾಗ ಭವಾನಿಗೆ ಕಂಪ್ಯೂಟರನ್ನೇ ಎತ್ತಿ ಕೇದಾರ ಘಾಟಿನ ಮೆಟ್ಟಿಲಿನಿಂದ ಗಂಗೆಗೆ ಎಸೆದುಬಿಡೋಣ ಅನ್ನಿಸಿತು. ಅವರು ಕೇಳುತ್ತಿದ್ದುದು ದೊಡ್ಡದೇನಲ್ಲ. ಅವರ ತಾಯಿ ಕಾಶಮ್ಮ ಇದೇ ಮಠದಲ್ಲಿ ಅಡುಗೆ ಮಾಡುತ್ತಿದ್ದವಳು. ಹಿಂದಿನ ಸ್ವಾಮಿಗಳ ಪ್ರವಚನವನ್ನು ಟೇಪಿನಲ್ಲಿ ಹಿಡಿಯುತ್ತಿದ್ದ ಕಾಲಕ್ಕೆ ಗೋಡೆಯಾಚೆ ರೊಟ್ಟಿ ಬಡಿಯುತ್ತ ಹಾಡಿಕೊಳ್ಳುತ್ತಿದ್ದಳು. ಆ ಹಾಡು ಟೇಪಿಗೂ ಬಿದ್ದಿತ್ತೆಂದು ಹಳಬರೆಲ್ಲ ಹೇಳುತ್ತಿದ್ದರು.

"ಮುಖ ಕಣ್ಣಾಗ ಐತಿ ತಂಗಿ, ದನಿ ಮರತು ಹೋಗೇತಿ," ಎಂದರು ತಾರಾದೇವಿ. "ಒಂದ್ಸಲ ಕೇಳಿಸಿಬಿಡು. ಮತ್ತ ನಿನ್ನ ತಲಿ ತಿನ್ನಾಂಗಿಲ್ಲ."

ಟೇಪುಗಳೆಲ್ಲ ಈಗ ಕಂಪ್ಯೂಟರಿಗೆ ಏರಿದ್ದವು. ಪ್ರತಿ ಪ್ರವಚನಕ್ಕೂ ವಿಷಯದ ಹೆಸರು ಹಚ್ಚಿ, ಹುಡುಕಿದವರಿಗೆ ಸಿಗುವಂತೆ ಮಾಡುವುದೇ ಭವಾನಿಯ ಕೆಲಸ. ಆದರೆ ವಿಷಯವನ್ನು ಅವಳು ತನಗೆ ತೋಚಿದಂತೆ ಬರೆಯುವಂತಿರಲಿಲ್ಲ. ಸಮಿತಿಯೊಂದು ಪಟ್ಟಿ ಮಾಡಿಕೊಟ್ಟಿತ್ತು: ಭಕ್ತಿ, ಜ್ಞಾನ, ವೈರಾಗ್ಯ, ಇಂದ್ರಿಯನಿಗ್ರಹ, ಹೀಗೆ. ಅದರೊಳಗೇ ಆರಿಸಬೇಕು. ಆ ಸಮಿತಿಯವರು ಹೊತ್ತು ಹೊತ್ತಿಗೆ ಉಣ್ಣುತ್ತಿದ್ದರೋ ಇಲ್ಲವೋ, ಅಡುಗೆ ಎಂಬ ಮಾತೇ ಪಟ್ಟಿಯಲ್ಲಿರಲಿಲ್ಲ. ಕಾಶಮ್ಮ ಎಂದು ಹುಡುಕಿದರೆ ಸೊನ್ನೆ. ಹಾಡು ಎಂದರೂ ಸೊನ್ನೆ. ಹಸಿವು ಎಂದರೆ ಮಾತ್ರ ಹಸಿವನ್ನು ಗೆಲ್ಲುವುದು ಹೇಗೆಂಬ ಪ್ರವಚನಗಳು ರಾಶಿ ಬಿದ್ದವು.

ಮಠದ ಕಚೇರಿ ನೋಡಿಕೊಳ್ಳುವ ಕೊಟ್ಟೂರಯ್ಯನವರಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. "ಪ್ರವಚನದ ವಿಷಯ ಅಂದ್ರ ಅಜ್ಜಾರು ಏನು ಹೇಳ್ಯಾರೋ ಅದು. ಅದರ ಬಾಜೂಕ ಅಡಗಿಯಾಕಿ ಹೆಸರು ಹಾಕಾಕ ಬರ್ತೈತೇನು?"

"ಯಾಕ್ ಬರಲ್ಲ ಅಯ್ಯನೋರೆ? ಆಕೆ ಮಾಡಿದ್ದನ್ನ ಉಂಡೇ ಅಲ್ವಾ ಅಜ್ಜಾರು ಹೇಳಿದ್ದು?"

ಕೊಟ್ಟೂರಯ್ಯನವರು ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು ರಸೀದಿ ಪುಸ್ತಕ ಎಳೆದುಕೊಂಡರು.

ಭವಾನಿ ಹಲ್ಲು ಕಚ್ಚಿ ಹುಡುಕಾಟವನ್ನೇ ಬಿಟ್ಟು, ಅದರ ಹಿಂದಿದ್ದ ಇಡೀ ಕೋಷ್ಟಕವನ್ನು ತೆರೆದಳು. ಬಲತುದಿಯಲ್ಲಿ ಹುಡುಕಾಟಕ್ಕೆ ಸಿಗದ ಅಂಕಣವೊಂದಿತ್ತು: ಧ್ವನಿಯ ದೋಷಗಳು. ಟೇಪುಗಳನ್ನು ಕಂಪ್ಯೂಟರಿಗೆ ಏರಿಸಿಕೊಟ್ಟ ಕಂಪನಿಯವರು ಬರೆದಿಟ್ಟದ್ದು. 'ಹಿನ್ನೆಲೆಯಲ್ಲಿ ಹೆಂಗಸಿನ ಗದ್ದಲ. ತೆಗೆಯಲಾಗಿದೆ.' ಕೆಳಗಿನ ಸಾಲಿನಲ್ಲೂ ಅದೇ. ಅದರ ಕೆಳಗೂ ಅದೇ. ಕಾಶಮ್ಮ ಕೊನೆಗೂ ಸಿಕ್ಕಿದ್ದಳು, ಆದರೆ ಇಂಥ ಕಡೆ ಸಿಕ್ಕಿದ್ದಳು. ಭವಾನಿಯ ಮೈಯೆಲ್ಲ ಉರಿದುಹೋಯಿತು. ಒಂದೆರಡನ್ನು ಹಚ್ಚಿ ಕೇಳಿದರೆ, ಸ್ವಾಮಿಗಳು ಉಸಿರೆಳೆದುಕೊಳ್ಳುವಲ್ಲೆಲ್ಲ ತೊಳೆದಿಟ್ಟ ತಟ್ಟೆಯಂಥ ಮೌನ.

"ಮೂಲ ಟೇಪುಗಳು ಎಲ್ಲಿವೆ ಅಯ್ಯನೋರೆ? ಅವನ್ನೇ ಹಾಕಿ ಕೇಳೋಣ."

"ಬೂಸರ ಹಿಡದಿದ್ವು. ಅಜ್ಜಾರ ದನಿ ಇದ್ದದ್ದನ್ನ ರದ್ದಿ ಕಬಾಡಿಗೆ ಹಾಕಾಕ ಆಗ್ತೈತೇನು? ಮಂಗಳಾರತಿ ಮಾಡಿ, ದೋಣ್ಯಾಗ ಒಯ್ದು ಗಂಗಮ್ಮಗ ಬಿಟ್ವಿ." ಅವರ ಮುಖದಲ್ಲಿ ಪುಣ್ಯ ಕಟ್ಟಿಕೊಂಡ ಕಳೆಯಿತ್ತು. ಭವಾನಿ ಹಣೆ ಚಚ್ಚಿಕೊಂಡಳು.

"ಗಂಗ್ಯಾಗ ಹೋತೇನು?" ಎಂದರು ತಾರಾದೇವಿ, ಮೆಲ್ಲಗೆ.

"ತಡೀರಿ ಮೌಸಿ," ಎಂದು ಭವಾನಿ ಸಾಲು ಸಾಲಾಗಿ ಕೆಳಗಿಳಿದಳು. ತೆಗೆಯಲಾಗಿದೆ, ತೆಗೆಯಲಾಗಿದೆ. ತಳದಲ್ಲಿ ಒಂದೇ ಒಂದು ಬೇರೆ ಇತ್ತು. 'ಗದ್ದಲ ತೆಗೆಯಲಾಗಲಿಲ್ಲ. ಕೇಳಿಸಲು ಯೋಗ್ಯವಲ್ಲ.' ಅದಕ್ಕೇ ಅದನ್ನು ಯಾರ ಹುಡುಕಾಟಕ್ಕೂ ಸಿಗದಂತೆ ಬಚ್ಚಿಟ್ಟಿದ್ದರು. ವಿಷಯ: ಕೋಪನಿಗ್ರಹ. ಭವಾನಿ ಹಚ್ಚಿದಳು.

"ಸಿಟ್ಟು ಅನ್ನೋದು ಮೊದಲು ನಮ್ಮನ್ನ ಸುಡ್ತದ," ಎಂದು ಸ್ವಾಮಿಗಳು ನಿಧಾನವಾಗಿ ಹೇಳುತ್ತಿದ್ದರು. ಅಷ್ಟರಲ್ಲಿ ಪಾತ್ರೆಯೊಂದು ಧಡಾರನೆ ಬಿತ್ತು. ಹಿಂದೆಯೇ ಹೆಂಗಸಿನ ದನಿ: "ಏ ತಾರೀ! ಹಾಲು ಉಕ್ಕಾಕತ್ತೇತಿ, ಎಲ್ಲಿ ಸತ್ತೀಯೇ!"

"ಬಂದ್ನಿ ಯವ್ವಾ!" ಎಂದುಬಿಟ್ಟರು ತಾರಾದೇವಿ, ಕೋಣೆಗೆಲ್ಲ ಕೇಳುವಂತೆ.

ಟೇಪಿನೊಳಗೆ ಸಭೆ ಗೊಳ್ಳೆಂದಿತು. ಸ್ವಾಮಿಗಳೂ ನಕ್ಕರು. "ತಡೀರಿ, ಮೊದಲು ಕಾಶಮ್ಮನ ಪ್ರವಚನ ಮುಗೀಲಿ."

ಭವಾನಿ ತಕ್ಷಣ ವಿಷಯದ ಜಾಗದಲ್ಲಿ ಕಾಶಮ್ಮ ಎಂದು ಒತ್ತಿದಳು. 'ಈ ವಿಷಯ ಪಟ್ಟಿಯಲ್ಲಿಲ್ಲ,' ಎಂದಿತು ಯಂತ್ರ.

"ಕೇಳಿದ್ರಲ್ಲ ಅಯ್ಯನೋರೆ? ಅಜ್ಜಾರೇ ಹೆಸರು ಹಿಡಿದು ಹೇಳಿದಾರೆ. ಇನ್ನಾದ್ರೂ ಸೇರಿಸ್ಲಾ?"

ಗುರುಗಳ ನಗು ಕೇಳಿ ಕೊಟ್ಟೂರಯ್ಯನವರ ಕಣ್ಣು ತುಂಬಿದ್ದವು. ಆದರೂ ಅವರೆಂದರು, "ಶಿವರಾತ್ರಿ ಕಳದ ಮ್ಯಾಲ ಸಮಿತಿ ಕೂಡತೈತಿ. ಅಲ್ಲಿ ಕೇಳೂಣು."

"ಅಲ್ಲೀವರೆಗೆ ಮೌಸಿ ಬಂದು ಏನಂತ ಹುಡುಕ್ಬೇಕು? ದೋಷ ಅಂತಾನಾ?" ಎಂದಳು ಭವಾನಿ.

ತಾರಾದೇವಿಗೆ ಈ ಜಗಳ ಬೇಕಿರಲಿಲ್ಲ. "ಹಾಡು ಹೋತು, ಬೈಗುಳ ಉಳೀತು," ಎನ್ನುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು. "ಇನ್ನೊಮ್ಮೆ ಹಚ್ಚು ತಂಗಿ."

ಭವಾನಿ ಮೊದಲಿನಿಂದ ಹಚ್ಚಿದಳು. ಸ್ವಾಮಿಗಳು ಸಿಟ್ಟಿನ ಮಾತು ತೆಗೆದರು. ಪಾತ್ರೆ ಇನ್ನೂ ಬಿದ್ದಿರಲಿಲ್ಲ, ತಾರಾದೇವಿ ಆಗಲೇ ಎದ್ದು ನಿಂತಿದ್ದರು.