ಮುಚ್ಚಳದ ಮೇಲೆ ಬರೆದದ್ದು

ಹುರುಳಿಕಾಯಿಯ ನಾರು ತೆಗೆಯುವಾಗ ಅವಸರ ಮಾಡಬಾರದು. ತುದಿ ಮುರಿದು ನಿಧಾನಕ್ಕೆ ಕೆಳಗೆಳೆದರೆ ನಾರು ದಾರದ ಹಾಗೆ ಇಡಿಯಾಗಿ ಬರುತ್ತದೆ. ಅವಸರಪಟ್ಟರೆ ನಡುವೆ ತುಂಡಾಗಿ ಒಳಗೇ ಉಳಿದು, ಜನವರಿಯಲ್ಲಿ ಯಾರದೋ ಹಲ್ಲಿಗೆ ಸಿಕ್ಕುತ್ತದೆ. ನನ್ನ ಮಡಿಲಲ್ಲಿ ಕೊನೆಯ ಬೊಗಸೆಯಷ್ಟು ಕಾಯಿ ಉಳಿದಿತ್ತು. ಗಡಿಯಾರ ಒಂದು ಗಂಟೆ ತೋರಿಸುತ್ತಿತ್ತು. ಅಂಚೆಯ ಲೋವೆಲ್ ನಮ್ಮ ರಸ್ತೆಗೆ ಬರುವುದು ಎರಡಕ್ಕೆ.

ಆ ದಿನದ ಅಂಚೆಗೆ ನನ್ನ ಕಾಗದ ಹೋಗಲೇಬೇಕಿತ್ತು. ಏಪ್ರಿಲ್ ತಿಂಗಳಲ್ಲಿ ಬರೆಯತೊಡಗಿದ್ದು, ಈಗ ಆಗಸ್ಟ್ ಹದಿನಾಲ್ಕು. ಒಂಬತ್ತು ಸಲ ಬರೆದು ಒಂಬತ್ತು ಸಲ ಹರಿದಿದ್ದೆ.

ನಮ್ಮ ಗುಡ್ಡದ ಕೆಳಗೆ ಇರುವುದು ಮೂರೇ ಮನೆ. ಒಂದು ನನ್ನದು, ಒಂದು ನನ್ನ ತಮ್ಮ ಡೆನ್ಜಿಲನದು, ಇನ್ನೊಂದು ತೀರಿಹೋದ ನನ್ನ ಗಂಡನ ತಂಗಿ ವಿಲ್ಮಾಳದು. ಮೂರು ಮನೆಗೂ ನೀರು ಒಂದೇ ಒರತೆಯದು. ಆ ಒರತೆಯ ಮೇಲಿನ ಬಂಡೆಯನ್ನು ಒಡೆದು ಅನಿಲದ ಕೊಳವೆ ಹಾಕಲು ಒಂದು ಕಂಪನಿ ಹೊರಟಿತ್ತು. ನಾವು ಜಾಗ ಕೊಡುವುದಿಲ್ಲವೆಂದರೂ ಕೋರ್ಟಿನ ಮೂಲಕ ಕಿತ್ತುಕೊಳ್ಳುವ ಅಧಿಕಾರವನ್ನು ಸರ್ಕಾರವೇ ಅವರಿಗೆ ಕೊಟ್ಟಿತ್ತು. ಆಕ್ಷೇಪಣೆ ಇದ್ದರೆ ರಾಜಧಾನಿಯ ಅನುಮತಿ ಕಚೇರಿಗೆ ಬರೆಯಿರಿ, ಆಗಸ್ಟ್ ಹದಿನಾಲ್ಕರೊಳಗೆ ಅಂಚೆ ಮುದ್ರೆ ಬಿದ್ದಿರಬೇಕು ಎಂದಿದ್ದರು. ನಮ್ಮ ಮಾವನ ಕಾಲದ ಜಮೀನು ಪತ್ರದಲ್ಲಿ ಒರತೆಯ ಹಕ್ಕು ಮೂರು ಮನೆಗೂ ಜಂಟಿ. ಹಾಗಾಗಿ ಮೂರು ಸಹಿ ಒಂದೇ ಕಾಗದದ ಮೇಲಿದ್ದರೆ ಮಾತ್ರ ಹಕ್ಕುದಾರರ ಮಾತು; ಬೇರೆ ಬೇರೆ ಬರೆದರೆ ಊರವರ ಅಭಿಪ್ರಾಯದ ರಾಶಿಗೆ ಬೀಳುತ್ತದೆ ಎಂದು ಕಚೇರಿಯ ಹುಡುಗಿ ಫೋನಿನಲ್ಲಿ ಹೇಳಿದ್ದಳು.

ಮೂರು ಸಹಿ. ಕೇಳಲು ಎಷ್ಟು ಸುಲಭ!

ಡೆನ್ಜಿಲ್ ಒಂದು ಪಕ್ಷ, ವಿಲ್ಮಾ ಇನ್ನೊಂದು. "ಸರ್ಕಾರದ ದಬ್ಬಾಳಿಕೆ" ಎಂದು ಬರೆದರೆ ವಿಲ್ಮಾ ಸಹಿ ಹಾಕಳು. "ಕಂಪನಿಯ ಲಂಚಕೋರತನ" ಎಂದು ಬರೆದರೆ ಡೆನ್ಜಿಲ್ ಹಾಕ. ಎರಡನ್ನೂ ಬರೆದರೆ ಯಾವುದು ಮೊದಲು ಬರಬೇಕು ಎಂದು ಜಗಳ.

ಅದಕ್ಕೇ ಅವತ್ತು ಇಬ್ಬರನ್ನೂ ಚಳಿಗಾಲಕ್ಕೆ ಹುರುಳಿಕಾಯಿಯನ್ನು ಬೇಯಿಸಿ ಜಾಡಿಯಲ್ಲಿ ಮುಚ್ಚಿಡುವ ಕೆಲಸಕ್ಕೆ ಕರೆದಿದ್ದೆ. ಕಾಗದದ ವಿಷಯ ಮೊದಲೇ ಎತ್ತಿರಲಿಲ್ಲ. ನಮ್ಮ ಕಡೆ ಒಂದು ನಿಯಮವಿದೆ: ಕುಕ್ಕರಿನ ಮುಚ್ಚಳದ ಮೇಲಿನ ತೂಕದ ಗುಂಡು ಅಲ್ಲಾಡಲು ಶುರುವಾದ ಮೇಲೆ ಯಾರೂ ಅಡುಗೆಮನೆ ಬಿಟ್ಟು ಹೋಗುವಂತಿಲ್ಲ. ಒಬ್ಬರು ಉರಿ ನೋಡಬೇಕು, ಒಬ್ಬರು ಒತ್ತಡ ತೋರಿಸುವ ಮುಳ್ಳು ನೋಡಬೇಕು, ಒಬ್ಬರು ಹೊತ್ತು ನೋಡಬೇಕು. ಅಮ್ಮನ ಕಾಲದಲ್ಲಿ ಪಕ್ಕದ ಕಣಿವೆಯ ಒಂದು ಮನೆಯಲ್ಲಿ ಯಾರೂ ನೋಡದೆ ಬಿಟ್ಟ ಕುಕ್ಕರ್ ಸಿಡಿದು ಮಾಡು ಹಾರಿತ್ತು. ಆಮೇಲಿಂದ ಎಷ್ಟೇ ಕೋಪ ಬಂದರೂ ಗುಂಡು ನಿಲ್ಲುವ ತನಕ ಕೂತೇ ಜಗಳವಾಡಬೇಕು.

ಏಳನೆಯ ಜಾಡಿ ತುಂಬಿ, ಉಪ್ಪು ಹಾಕಿ, ಕಾಯಿಸಿದ ಒರತೆ ನೀರು ಹೊಯ್ದೆ. ಎಲ್ಲವನ್ನೂ ಕುಕ್ಕರಿನೊಳಗೆ ಇಟ್ಟು ಮುಚ್ಚಳ ತಿರುಪಿದೆ. ಒಂದೂವರೆಗೆ ಗುಂಡು ಅಲ್ಲಾಡತೊಡಗಿತು. ಇಪ್ಪತ್ತೈದು ನಿಮಿಷ.

"ಇನ್ನು ಯಾರೂ ಏಳೋ ಹಾಗಿಲ್ಲ," ಎಂದೆ. "ನಿನ್ನೆಯ ಹದಿನಾಲ್ಕು ಜಾಡಿ ತಣ್ಣಗಾಗಿದೆ. ಇಬ್ಬರೂ ಮುಚ್ಚಳದ ಮೇಲೆ ಬರೀತಾ ಕೂತ್ಕೊಳ್ಳಿ. ಏನಿದೆ, ಯಾವ ವರ್ಷ. ಅಷ್ಟೇ."

"ಗೊತ್ತಕ್ಕಾ. ಮೂವತ್ತು ವರ್ಷದಿಂದ ಇದನ್ನೇ ಹೇಳ್ತಿದೀಯ," ಎಂದ ಡೆನ್ಜಿಲ್. ತಲೆಯ ಮೇಲಿನ ಹಸಿರು ಟೋಪಿಯನ್ನು ಹಿಂದಕ್ಕೆ ಸರಿಸಿದ. ಅಗ್ನಿಶಾಮಕ ದಳದ ಅಂಗಳದಲ್ಲಿ ಕಂಪನಿ ಊರಿಗೆಲ್ಲ ಊಟ ಹಾಕಿಸಿದಾಗ ಹಂಚಿದ ಟೋಪಿ ಅದು.

ವಿಲ್ಮಾ ಕಣ್ಣು ಅದರ ಮೇಲೇ ಇತ್ತು. "ನೋಡು ಆರ್ಫಾ," ಎಂದಳು ನನಗೆ. "ಕಂಪನಿಯವರು ಊರಿಗೆಲ್ಲ ಟೋಪಿ ಹಾಕಿದ್ರು. ನಿನ್ನ ತಮ್ಮ ಅದನ್ನ ತೆಗೆಯೋದೇ ಇಲ್ಲ."

"ಬಿಸಿಲಿಗೆ ಪಕ್ಷ ಇಲ್ಲಮ್ಮಾ. ಪುಕ್ಕಟೆ ಕೊಟ್ರು, ಇಟ್ಕೊಂಡೆ."

"ಪುಕ್ಕಟೆ! ಒಂದು ತುಂಡು ಹಂದಿಮಾಂಸಕ್ಕೆ, ಒಂದು ಟೋಪಿಗೆ ಗುಡ್ಡ ಬರ್ಕೊಟ್ಟ ಹಾಗಾಯ್ತು."

"ಗುಡ್ಡ ಕಿತ್ಕೋತಿರೋದು ಕಂಪನಿಯಲ್ಲ ಕಣೇ, ಸರ್ಕಾರ. ಸರ್ಕಾರ ಕೈಗೆ ಕೋಲು ಕೊಡದಿದ್ರೆ ಕಂಪನಿಯವನು ನನ್ನ ಬೇಲಿ ಹತ್ರ ನಿಂತು ಗುಡ್ ಮಾರ್ನಿಂಗ್ ಹೇಳಿ ವಾಪಸ್ ಹೋಗಬೇಕಿತ್ತು. ಕೋಲು ಯಾರದ್ದು, ಅದನ್ನ ಹೇಳು."

"ಕೋಲು ಹಿಡಿದಿರೋ ಕೈ ಯಾರದ್ದು, ನೀನು ಅದನ್ನ ಹೇಳು. ಸರ್ಕಾರನ ಯಾರು ಕೊಂಡ್ಕೊಂಡಿರೋದು?"

ಜಾಡಿಗಳ ಕೆಳಗೆ ಹಾಸಿದ್ದ ಹಳೆಯ ಪತ್ರಿಕೆಯ ಹಾಳೆಯೊಂದನ್ನು ವಿಲ್ಮಾ ಸರಕ್ಕನೆ ಎಳೆದಳು. ಚುನಾವಣೆಗೆ ಕಂಪನಿಯಿಂದ ಯಾರ್‍ಯಾರು ಎಷ್ಟೆಷ್ಟು ಹಣ ಪಡೆದರು ಎಂಬ ಪಟ್ಟಿ ಅದರಲ್ಲಿತ್ತು. ಅದು ಅಲ್ಲಿದೆ ಎಂದು ಅವಳಿಗೆ ಹೇಗೆ ಗೊತ್ತಾಯಿತೋ! ಮನೆಯಿಂದ ತಂದು ಹಾಸಿದವಳೂ ಅವಳೇ ಇರಬೇಕು.

"ಓದು. ಮೊದಲನೇ ಸಾಲು. ನಿಮ್ಮ ಸೆನೆಟರ್ ಸಾಹೇಬ್ರು."

ಡೆನ್ಜಿಲ್ ಕನ್ನಡಕ ಏರಿಸಿ ಓದಿದ. ಆಮೇಲೆ ಸಾವಧಾನವಾಗಿ ಹಾಳೆ ತಿರುಗಿಸಿದ. "ಹಿಂದುಗಡೆ ನೋಡಿದೀಯಾ? ಒಂಬತ್ತನೇ ಸಾಲು. ನಿಮ್ಮವನು. ಮನೆಮನೆಗೆ ಬಂದು ನಿನ್ನ ಕೈಯಲ್ಲಿ ಆಪಲ್ ಪೈ ತಿಂದು ಹೋದನಲ್ಲ, ಅವನೇ."

ವಿಲ್ಮಾ ನೋಡಿದಳು. ಮುಖ ಕೆಂಪಾಯಿತು. "ಅವನಿಗೆ ಬಹಳ ಕಮ್ಮಿ ಕೊಟ್ಟಿದಾರೆ!"

"ಹೌದೌದು. ಅಗ್ಗಕ್ಕೆ ಸಿಕ್ಕಿದ ಅಂತ ಹೆಮ್ಮೆಪಡು."

ನನಗೆ ನಗು ಬಂತು, ವಿಲ್ಮಾ ನಗಲಿಲ್ಲ. ಲೇಖನಿಯನ್ನು ಮುಚ್ಚಳದ ಮೇಲೆ ಒತ್ತಿ ಒತ್ತಿ ಬರೆಯುತ್ತಾ, "ನನ್ನ ಗಂಡ ಗಣಿಯ ದೂಳು ಕುಡಿದು ಸತ್ತ, ಡೆನ್ಜಿಲ್," ಎಂದಳು. "ಆ ರೋಗ ನಮ್ಮ ಗಣಿಯದ್ದಲ್ಲ ಅಂತ ಗಣಿ ಕಂಪನಿ ಹನ್ನೊಂದು ವರ್ಷ ವಕೀಲರನ್ನಿಟ್ಟು ವಾದಿಸ್ತು. ಅವನು ರಾತ್ರಿಯೆಲ್ಲ ಕುರ್ಚಿಯಲ್ಲಿ ಕೂತು ಉಸಿರು ಹುಡುಕ್ತಿದ್ದ. ಆಗ ನಮಗೆ ಅಂತ ಇದ್ದದ್ದು ಸರ್ಕಾರದ ಒಂದು ಕಾಯ್ದೆ ಮಾತ್ರ. ನೀನು ಬೈತೀಯಲ್ಲ, ಅದೇ ಸರ್ಕಾರ."

ಡೆನ್ಜಿಲನೂ ಜಾಡಿ ಎಳೆದುಕೊಂಡು ಬರೆಯತೊಡಗಿದ. ಅವನ ದನಿ ತಗ್ಗಿತ್ತು. "ನಮ್ಮಪ್ಪನ ಹೊಲ ಅಣೆಕಟ್ಟಿನ ನೀರಿನ ಕೆಳಗಿದೆ ವಿಲ್ಮಾ. ನಂಗೆ ಹತ್ತು ವರ್ಷ. ಒಬ್ಬ ಬಂದ, ಸೂಟು ಹಾಕಿದ್ದ, ಅಪ್ಪನಿಗೆ ಕೂತ್ಕೋ ಅಂತ ಹೇಳಿದ. ನಮ್ಮ ಮನೆಯ ಜಗಲೀಲಿ, ನಮ್ಮಪ್ಪನಿಗೆ, ಕೂತ್ಕೋ ಅಂತ. ಅವನು ಯಾವ ಕಂಪನಿಯವನೂ ಅಲ್ಲ."

ಗುಂಡು ಟಕಟಕ ಕುಣಿಯುತ್ತಿತ್ತು.

ಇಬ್ಬರ ಮಾತೂ ಸುಳ್ಳಲ್ಲ. ಆ ಸೂಟಿನವನನ್ನು ನಾನೂ ನೋಡಿದ್ದೆ. ವಿಲ್ಮಾಳ ಗಂಡನಿಗೆ ದಿಂಬು ಆನಿಸಿ ಕೂರಿಸುವಾಗ ನಾನೂ ಇದ್ದೆ. ಅವರಿಬ್ಬರ ನೋವು ಒಂದೇ ಜಾತಿಯದು, ಬೇರೆಯಾದದ್ದು ವಿಳಾಸ ಮಾತ್ರ. ಆದರೆ ಇದನ್ನು ಅವರಿಗೆ ಹೇಳಿದರೆ, "ನೀನು ಯಾರ ಕಡೆ?" ಎಂದು ಕೇಳುತ್ತಾರೆ. ಈಚಿನ ವರ್ಷಗಳಲ್ಲಿ ನಮ್ಮೂರಿನಲ್ಲಿ ಅದೊಂದೇ ಪ್ರಶ್ನೆ ಉಳಿದಿದೆ. ಚರ್ಚಿನ ಊಟದಲ್ಲೂ ಜನ ತಟ್ಟೆ ಹಿಡಿದು ಯಾವ ಮೇಜಿಗೆ ಹೋಗಬೇಕೆಂದು ಒಂದು ಗಳಿಗೆ ನಿಂತು ನೋಡುತ್ತಾರೆ.

ಉರಿ ಸ್ವಲ್ಪ ತಗ್ಗಿಸಿ ಬಂದು, ಬರೆದಾದ ಜಾಡಿಗಳನ್ನು ಅಲಮಾರಿಗೆ ಸೇರಿಸಲು ಎತ್ತಿಕೊಂಡೆ. ಮೊದಲನೆಯದರ ಮೇಲೆ "ಹುರುಳಿಕಾಯಿ", ಕೆಳಗೆ ವರ್ಷ. ಎರಡನೆಯದೂ ಹಾಗೇ. ಮೂರನೆಯದನ್ನು ನೋಡಿ ಕನ್ನಡಕ ಒರೆಸಿಕೊಂಡೆ. ವಿಲ್ಮಾಳ ಅಕ್ಷರದಲ್ಲಿ ದೊಡ್ಡದಾಗಿ "ಕಂಪನಿ" ಎಂದಿತ್ತು, ಕೆಳಗೆ ವರ್ಷ. ಡೆನ್ಜಿಲನ ಮುಂದಿದ್ದ ಜಾಡಿ ಎತ್ತಿದೆ. "ಸರ್ಕಾರ."

ಎರಡನ್ನೂ ಮೇಜಿನ ನಡುವೆ ಇಟ್ಟೆ.

ಇಬ್ಬರೂ ನೋಡಿದರು. ಡೆನ್ಜಿಲನ ಹೊಟ್ಟೆ ಮೊದಲು ಅಲ್ಲಾಡಿತು, ಆಮೇಲೆ ಭುಜ. ವಿಲ್ಮಾ ಒಲೆಬಟ್ಟೆಯನ್ನು ಬಾಯಿಗೆ ಒತ್ತಿಕೊಂಡಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಕ್ರಿಸ್ಮಸ್ಸಿಗೆ ತೆಗೀಬೇಕು ಇದನ್ನ," ಎಂದ ಡೆನ್ಜಿಲ್. "ಒಂದು ಪಾವು ಕಂಪನಿ ಹಾಕು, ಒಂದು ಪಾವು ಸರ್ಕಾರ ಹಾಕು, ಮೇಲೆ ಬೆಣ್ಣೆ."

"ಅಜೀರ್ಣ ಆಗುತ್ತೆ ಕಣೋ."

"ಒಳಗೆ ಏನಿದೆ?" ಎಂದೆ ನಾನು. ನಗಲಿಲ್ಲ. "ಇಬ್ಬರನ್ನೂ ಕೇಳ್ತಿದೀನಿ. ಒಳಗೆ ಏನಿದೆ?"

"ಹುರುಳಿಕಾಯಿ," ಎಂದಳು ವಿಲ್ಮಾ, ಬೈಸಿಕೊಂಡ ಮಗುವಿನಂತೆ.

"ಮತ್ತೆ?"

"ಉಪ್ಪು," ಎಂದ ಡೆನ್ಜಿಲ್. "ಒರತೆ ನೀರು."

"ಆ ನೀರಿಗೆ ಏನಾಯ್ತು? ಏಪ್ರಿಲಿನಲ್ಲಿ ಏನಾಯ್ತು, ಅಷ್ಟು ಹೇಳಿ. ಯಾಕಾಯ್ತು ಅನ್ನೋದು ಬೇಡ."

ಡೆನ್ಜಿಲ್ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. "ಹನ್ನೊಂದನೇ ತಾರೀಕು. ಮೇಲಿನ ಬಂಡೇಲಿ ಪರೀಕ್ಷೆಗೆ ಅಂತ ಮದ್ದು ಸಿಡಿಸಿದ್ರು. ಅದಕ್ಕೆ ಮುಂಚೆ ಐದು ಗ್ಯಾಲನ್ ಬಕೆಟ್ಟು ತುಂಬಕ್ಕೆ ಎಪ್ಪತ್ತು ಸೆಕೆಂಡು. ಈಗ ತೊಂಬತ್ತೆರಡು. ನಾನು ಪ್ರತಿ ಭಾನುವಾರ ಅಳೀತೀನಿ, ಬರೆದಿಟ್ಟಿದೀನಿ."

"ಪ್ರತಿ ಭಾನುವಾರವಾ?" ಎಂದಳು ವಿಲ್ಮಾ.

"ಮತ್ತೆ! ನಿಮ್ಮ ಪಕ್ಷದವರು ಬಂದು ಅಳೀತಾರೇನು?"

"ಡೆನ್ಜಿಲ್," ಎಂದೆ.

ವಿಲ್ಮಾ ಒಲೆಬಟ್ಟೆಯನ್ನು ಮಡಿಸಿದಳು. "ಹನ್ನೊಂದರ ಸಾಯಂಕಾಲದಿಂದ ಎರಡು ದಿನ ನೀರು ಕೆಂಪಗೆ ಬಂತು. ಅದನ್ನ ಒಂದು ಜಾಡೀಲಿ ತುಂಬಿಟ್ಟಿದೀನಿ. ಮುಚ್ಚಳದ ಮೇಲೆ ದಿನ ಬರ್ದಿದೀನಿ. ಈಗ ಮಣ್ಣು ಕೆಳಗೆ ಕೂತಿದೆ, ಎರಡು ಬೆರಳಿನಷ್ಟು."

ಅಳೆದ ಲೆಕ್ಕವನ್ನಾಗಲಿ, ಎತ್ತಿಟ್ಟ ನೀರಿನ ವಿಷಯವನ್ನಾಗಲಿ ಇಷ್ಟು ತಿಂಗಳಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಹೇಳುವುದಾದರೂ ಹೇಗೆ, ನಾನು ಕೇಳಿರಲೇ ಇಲ್ಲ. ಏನು ಬರೆಯಲಿ ಎಂದು ಕೇಳಿದ್ದೆ, ಏನು ನೋಡಿದಿರಿ ಎಂದು ಕೇಳಿರಲಿಲ್ಲ. ಇಬ್ಬರೂ ತಣ್ಣಗಾಗಲಿ ಎಂದು ಏಪ್ರಿಲಿನಿಂದ ಕಾಯುತ್ತಾ ಕೂತು, ಅದಕ್ಕೆ ತಾಳ್ಮೆ ಎಂದು ಹೆಸರಿಟ್ಟಿದ್ದೆ. ಒಬ್ಬರ ಮುನಿಸನ್ನಾದರೂ ಕಟ್ಟಿಕೊಳ್ಳಬೇಕಾದೀತೆಂಬ ಹೆದರಿಕೆ ಅದು. ನನ್ನ ಜಾಡಿಯ ಮುಚ್ಚಳದ ಮೇಲೂ ಬರೆದದ್ದು ಬೇರೆ, ಒಳಗಿದ್ದದ್ದು ಬೇರೆ.

ಮೇಜಿನ ಖಾನೆಯಿಂದ ಹಾಳೆ ತೆಗೆದೆ. ನಾನು ಅಕ್ಷರ ಕಲಿತದ್ದು ನಲವತ್ತಾರನೇ ವಯಸ್ಸಿಗೆ, ಅಂಗಿ ಹೊಲಿಯುವ ಕಾರ್ಖಾನೆಯ ಕೆಲಸ ಮುಗಿಸಿ ಶಾಲೆಯ ನೆಲಮಾಳಿಗೆಯ ತರಗತಿಗೆ ಹೋಗಿ. ಈಗಲೂ ನನ್ನ ಅಕ್ಷರ ನಿಧಾನ. ಅವತ್ತು ನಿಧಾನಿಸದೆ ಬರೆದೆ:

ಈ ಒರತೆಯಿಂದ ಮೂರು ಮನೆಯವರು ಕುಡಿಯುತ್ತೇವೆ. ಏಪ್ರಿಲ್ ಹನ್ನೊಂದರಂದು ಕಂಪನಿಯವರು ಮೇಲಿನ ಬಂಡೆಯಲ್ಲಿ ಮದ್ದು ಸಿಡಿಸಿದರು. ಅದಕ್ಕೆ ಅನುಮತಿ ಕೊಟ್ಟದ್ದು ನಿಮ್ಮ ಕಚೇರಿ. ಎರಡು ದಿನ ನೀರು ಕೆಂಪಗೆ ಬಂತು. ಆ ನೀರನ್ನು ಎತ್ತಿಟ್ಟಿದ್ದೇವೆ. ಬಕೆಟ್ಟು ತುಂಬಲು ಮೊದಲು ಎಪ್ಪತ್ತು ಸೆಕೆಂಡು ಬೇಕಿತ್ತು, ಈಗ ತೊಂಬತ್ತೆರಡು. ಅದೊಂದು ಪರೀಕ್ಷೆ. ಇನ್ನು ಕೊಳವೆಗಾಗಿ ಬಂಡೆಯನ್ನು ಪೂರ್ತಿ ಒಡೆದರೆ ನೀರು ನಿಲ್ಲುತ್ತದೆಂದು ನಮಗೆ ಭಯ. ಒಡೆಯಲು ಬಿಡಬೇಡಿ. ಮೊದಲು ಬಂದು ನೋಡಿ.

ಓದಿ ಹೇಳಿದೆ.

"ಉಪ್ಪೇ ಇಲ್ಲ," ಎಂದ ಡೆನ್ಜಿಲ್.

"ಖಾರವೂ ಇಲ್ಲ," ಎಂದಳು ವಿಲ್ಮಾ. ಎಷ್ಟೋ ವರ್ಷಗಳಲ್ಲಿ ಅವರಿಬ್ಬರು ಒಪ್ಪಿದ ಮೊದಲ ಮಾತು ಅದು.

"ಉಪ್ಪು ಖಾರ ಹಾಕಿ ನೀವು ಬೇರೆ ಬೇರೆ ಬರ್ಕೊಳ್ಳಿ. ನಾನೇ ಅಂಚೆಚೀಟಿ ಕೊಡ್ತೀನಿ. ಇದರಲ್ಲಿ ಸುಳ್ಳು ಯಾವುದಿದೆ, ಅದನ್ನ ಹೇಳಿ."

ಇಬ್ಬರೂ ಹಾಳೆ ನೋಡಿದರು. ಕಂಪನಿಯೂ ಇತ್ತು, ಕಚೇರಿಯೂ ಇತ್ತು, ಅವರವರು ಮಾಡಿದ ಕೆಲಸದ ಪಕ್ಕದಲ್ಲಿ.

"ಸುಳ್ಳೇನಿಲ್ಲ," ಎಂದ ಡೆನ್ಜಿಲ್. ಜೇಬಿನಿಂದ ಪೆನ್ನು ತೆಗೆದು ಸಹಿ ಹಾಕಿ, ವಿಲ್ಮಾಳ ಕಡೆ ಚಾಚಿದ. ಅದರ ಮೈಮೇಲೆ ಕಂಪನಿಯ ಹೆಸರಿತ್ತು. ಊಟದ ದಿನ ಟೋಪಿಯ ಜೊತೆ ಕೊಟ್ಟದ್ದು.

"ಸತ್ರೂ ಮುಟ್ಟಲ್ಲ ಅದನ್ನ!"

"ಅವರ ಮಸಿಯಲ್ಲೇ ಅವರ ಮೇಲೆ ಬರೆಯೋದು ಕಣೇ. ಖರ್ಚು ಅವರದ್ದು."

"ನಿನ್ನ ಬುದ್ಧಿ ನಿನ್ನ ಹತ್ರಾನೇ ಇರ್ಲಿ." ಮುಚ್ಚಳದ ಮೇಲೆ ಬರೆಯುವ ದಪ್ಪ ಲೇಖನಿಯಿಂದಲೇ ವಿಲ್ಮಾ ಸಹಿ ಹಾಕಿದಳು. ಕಪ್ಪಗೆ, ಅರ್ಧ ಅಂಗೈಯಷ್ಟು ದೊಡ್ಡದಾಗಿ. ಅವರಿಬ್ಬರ ನಡುವೆ ಉಳಿದ ಜಾಗದಲ್ಲಿ ನಾನು ಬರೆದೆ: ಆರ್ಫಾ ಸ್ಟಾಲ್ನೇಕರ್.

ಗಡಿಯಾರ ಎರಡಕ್ಕೆ ಐದು ನಿಮಿಷ ಎಂದಿತು. ಇಪ್ಪತ್ತೈದು ನಿಮಿಷ ಮುಗಿದಿತ್ತು. ವಿಲ್ಮಾ ಉರಿ ಆರಿಸಿದಳು, ಡೆನ್ಜಿಲ್ ಮುಳ್ಳಿನ ಮೇಲೆ ಕಣ್ಣಿಟ್ಟ. ಮುಳ್ಳು ಕೆಳಗಿಳಿಯುವ ತನಕ ಅವರಿಬ್ಬರು ಕೂರಲೇಬೇಕು. ಹೊತ್ತು ನೋಡುವ ಕೆಲಸ ಮುಗಿದಿದ್ದರಿಂದ ನನ್ನೊಬ್ಬಳಿಗೆ ಬಿಡುವು. ಲಕೋಟೆಯ ಅಂಟು ನೆಕ್ಕಿ, ಒತ್ತಿ, ಬಾಗಿಲು ತೆಗೆದೆ.

"ಮುಟ್ಟಬೇಡ ಅಂದ್ನಲ್ಲ, ಇನ್ನೂ ಇಳಿದಿಲ್ಲ!" ಎಂದಳು ವಿಲ್ಮಾ.

"ನಂಗೆ ಹೇಳ್ಕೊಡ್ತೀಯಾ? ನಿನ್ನ ಸರ್ಕಾರನ ಕೇಳ್ಕೊಂಡು ಮುಚ್ಚಳ ತೆಗೀಬೇಕಾ?"

ಅವರ ದನಿ ಅಂಗಳದ ತುದಿಯ ತನಕ ನನ್ನ ಹಿಂದೆ ಬಂತು. ಆಮೇಲೆ ಕೇಳಲಿಲ್ಲ. ರಸ್ತೆಯ ಅಂಚಿನ ತನಕ ಎಪ್ಪತ್ತೆಂಟರ ಕಾಲಿಗೆ ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ ನಡೆದೆ. ಕಾಗದ ಒಯ್ಯಲಿದೆ ಎಂದು ತಿಳಿಸಲು ಅಂಚೆ ಪೆಟ್ಟಿಗೆಯ ಪಕ್ಕದ ಪುಟ್ಟ ಕೆಂಪು ಬಾವುಟ ಎತ್ತುವಷ್ಟರಲ್ಲೇ ಲೋವೆಲನ ಗಾಡಿ ತಿರುವಿನಲ್ಲಿ ಕಾಣಿಸಿತು.

ಪೆಟ್ಟಿಗೆಗೆ ಹಾಕದೆ ಅವನ ಕೈಗೇ ಕೊಟ್ಟೆ. "ಇವತ್ತಿನ ಮುದ್ರೆ ಬೀಳಬೇಕು ಲೋವೆಲ್."

ಅವನು ವಿಳಾಸ ಓದಿದ. ಅವನ ಅಂಗಳದಲ್ಲೂ ಒಂದು ಪಕ್ಷದ ಫಲಕವಿದೆ. ಯಾವುದೆಂದು ನನಗೆ ಗೊತ್ತು. ನೀನು ಯಾರ ಕಡೆ ಎಂದು ಅವನು ಕೇಳಲಿಲ್ಲ.

"ನಾಲ್ಕಕ್ಕೆ ಮುಂಚೆ ನಾನೇ ನಿಂತು ಒತ್ತಿಸ್ತೀನಿ, ಮಿಸೆಸ್ ಸ್ಟಾಲ್ನೇಕರ್," ಎಂದು ಲಕೋಟೆಯನ್ನು ಉಳಿದ ಕಾಗದಗಳ ಮೇಲಿಟ್ಟು, ಕೈ ಚಾಚಿ ನನ್ನ ಕೆಂಪು ಬಾವುಟ ಇಳಿಸಿ, ಗಾಡಿ ಮುಂದಕ್ಕೆ ಬಿಟ್ಟ.